‘ಆಮೇಲೆ’ ಅಂತ ಒತ್ತಿದ ಎಂಟು ತಿಂಗಳು

ಆ ಭಾನುವಾರ ಬೆಳಗ್ಗೆ ನನಗೆ ಜಗಳ ಆಡುವ ಉದ್ದೇಶವೇನೂ ಇರಲಿಲ್ಲ. ಹಳೇ ಆಫೀಸಿನ ಗೆಳೆಯನೊಬ್ಬ ನಮ್ಮ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದ್ದ, ಅಷ್ಟೇ. "ಓಪನ್ ಸೋರ್ಸ್ ಅಂದ್ರೆ ಯಾರೂ ಹೊಣೆ ಇಲ್ಲದ ಸಾಫ್ಟ್‌ವೇರ್. ಬಿಟ್ಟಿ ಸಿಗುತ್ತೆ ಅಂತ ಯಾರೋ ಮಾಡಿದ ಬೀಗ ತಂದು ಮನೆ ಬಾಗಿಲಿಗೆ ಹಾಕ್ತೀರಾ?" ಮಿಕ್ಕವರೆಲ್ಲ ಒಂದು ನಗುವ ಮುಖ ಹಾಕಿ ಸುಮ್ಮನಾದರು. ನನಗೆ ಆಗಲಿಲ್ಲ. ವಿಂಡೋಸ್ ಬದಲು ಬಳಸುವ, ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದಾದ ಓಪನ್ ಸೋರ್ಸ್ ವ್ಯವಸ್ಥೆ ಲಿನಕ್ಸ್; ಅದನ್ನು ಹದಿನೈದು ವರ್ಷದಿಂದ ಬಳಸುತ್ತಿರುವವನು ನಾನು, ಈ ವಿಷಯದಲ್ಲಿ ನನ್ನನ್ನು ಕೆಣಕಲು ಇಷ್ಟೇ ಸಾಕು.

"ಬೀಗ ಯಾರು ಮಾಡಿದ್ರು ಅನ್ನೋದಲ್ಲ ಗುರು, ಬಿಚ್ಚಿ ಒಳಗೆ ನೋಡೋಕೆ ಬಿಡ್ತಾರಾ ಇಲ್ವಾ ಅನ್ನೋದು ಮುಖ್ಯ" ಅಂತ ಬರೆದೆ. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡೇ ಪದದ ಉತ್ತರ ಬಂತು. "ಬಿಚ್ಚಿ ನೋಡಿದ್ದೀಯಾ?"

ನಿಜ ಹೇಳಬೇಕೆಂದರೆ ಇಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಸಾಫ್ಟ್‌ವೇರ್ ಪ್ಯಾಕೇಜ್‌ಗಳಿವೆ. ಅದರಲ್ಲಿ ಎರಡರ ಕೋಡ್ ತೆರೆದು ನೋಡಿದ್ದೆ, ಒಂದನ್ನು ಒಂದು ಕಾಗುಣಿತದ ತಪ್ಪು ತಿದ್ದಲು. ಆದರೆ ವಾದದಲ್ಲಿ ಹಾಗೆಲ್ಲ ಒಪ್ಪಿಕೊಳ್ಳಲು ಆಗುತ್ತದಾ? "ನಾನು ನೋಡಬೇಕಾಗಿಲ್ಲ, ನೋಡುವವರು ಇದ್ದಾರೆ" ಅಂದೆ. ಓಪನ್ ಸೋರ್ಸ್ ಪರ ಬರೆದ ಎರಿಕ್ ರೇಮಂಡ್ ಹೇಳಿದ ಮಾತನ್ನೂ ಸೇರಿಸಿದೆ, ನೋಡುವ ಕಣ್ಣು ಸಾಕಷ್ಟಿದ್ದರೆ ಯಾವ ತಪ್ಪೂ ಬಹಳ ದಿನ ಅಡಗಿರುವುದಿಲ್ಲ ಅನ್ನುವ ಅರ್ಥದ್ದು. ಇದಕ್ಕೆ, ಲಿನಕ್ಸ್ ಶುರುಮಾಡಿದವನ ಹೆಸರಲ್ಲಿ, ಲೈನಸ್ ನಿಯಮ ಅಂತ ಹೆಸರು ಬೇರೆ ಇದೆ.

ಅವನು ಕಾಯುತ್ತಿದ್ದುದು ಇದಕ್ಕೇ ಇರಬೇಕು. ಹಾರ್ಟ್‌ಬ್ಲೀಡ್ ತೆಗೆದ. 2014ರ ಏಪ್ರಿಲ್‌ನಲ್ಲಿ ಹೊರಬಿದ್ದ ದೋಷ ಅದು, ಇಂಟರ್ನೆಟ್ಟಿನ ಅರ್ಧ ಬಾಗಿಲುಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ. ಒಂದು ಕಂಪ್ಯೂಟರ್ ಸರ್ವರ್ ಹತ್ತಿರ "ಇದ್ದೀಯಾ? ಇದ್ದರೆ ಈ ಪದವನ್ನು ವಾಪಸ್ ಕಳಿಸು, ಇಷ್ಟು ಅಕ್ಷರ ಇದೆ" ಅನ್ನುತ್ತದೆ. ಅಕ್ಷರ ಎಷ್ಟು ಅನ್ನುವುದರಲ್ಲಿ ಸುಳ್ಳು ಹೇಳಿದರೆ ಸರ್ವರ್ ಎಣಿಸಿ ನೋಡದೆ, ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು, ಒಂದು ಸಲಕ್ಕೆ 64 ಕೆಬಿವರೆಗೆ. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಗುಟ್ಟಿನ ಕೀಲಿಯೇ ಇರಬಹುದು. ಎರಡು ವರ್ಷ ಆ ಸಾಲುಗಳು ಎಲ್ಲರ ಕಣ್ಣೆದುರಿಗೇ ಇದ್ದವು. "ಎಲ್ಲಿ ಹೋಗಿದ್ವು ನಿನ್ನ ಸಾವಿರ ಕಣ್ಣು?" ಅಂತ ಕೇಳಿದ.

ನಾನು ವನ್ನಾಕ್ರೈ ತೆಗೆದೆ. 2017ರ ಮೇ ತಿಂಗಳು. ಮುಚ್ಚಿದ ಕೋಡ್, ದೊಡ್ಡ ಕಂಪನಿ, ಹೊಣೆ ಹೊರುವವರು ಇದ್ದಾರೆ ಅನ್ನುತ್ತೀಯಲ್ಲ, ಆ ವಿಂಡೋಸ್‌ನಲ್ಲೇ ಹಬ್ಬಿ 150 ದೇಶಗಳಲ್ಲಿ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಬ್ರಿಟನ್ನಿನ ಆಸ್ಪತ್ರೆಗಳೂ ನಿಂತುಹೋದವಲ್ಲ, ಅದಕ್ಕೇನಂತೀಯ? "ಪ್ಯಾಚ್ ಮಾರ್ಚ್‌ನಲ್ಲೇ ಕೊಟ್ಟಿದ್ರು" ಅಂದ. ಸರಿ, ದೋಷ ಮುಚ್ಚುವ ತೇಪೆ ಕೊಟ್ಟಿದ್ದರು. ಹಾಕಿಕೊಂಡಿರಲಿಲ್ಲ. ಈ ಮಾತು ಇಬ್ಬರಿಗೂ ಸಲ್ಲುತ್ತದೆ ಅನ್ನುವುದು ಆಗ ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಮುಂದಕ್ಕೆ ಹೋದೆವು.

ಮುಂದೆ ಬಂದದ್ದು ಎಕ್ಸ್‌ಜೆಡ್. ಇದನ್ನು ಇಬ್ಬರೂ ಒಟ್ಟಿಗೇ ಎತ್ತಿದೆವು, ತಮಾಷೆ ಅಂದರೆ ಇಬ್ಬರೂ ಇದು ತನ್ನ ಕಡೆಯ ಸಾಕ್ಷಿ ಅಂತಲೇ ತಿಳಿದಿದ್ದೆವು. ಫೈಲುಗಳನ್ನು ಕುಗ್ಗಿಸುವ ಒಂದು ಸಾಧಾರಣ ಸಾಫ್ಟ್‌ವೇರ್ ಅದು. ಜಿಯಾ ತಾನ್ ಅನ್ನುವ ಹೆಸರಿನ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೇ ಹುಡುಗನಂತೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಕೂಡಿಸಿದ. 2024ರ ಮಾರ್ಚ್ 29ರಂದು ಅದನ್ನು ಹೊರಗೆಳೆದವನು ಆಂಡ್ರೆಸ್ ಫ್ರಾಯ್ಂಡ್. ಭದ್ರತೆ ಅವನ ಕಸುಬೇ ಅಲ್ಲ, ಡೇಟಾಬೇಸ್‌ನವನು. ದೂರದ ಕಂಪ್ಯೂಟರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ, ಯಾಕೆ ಅಂತ ಬೆನ್ನು ಹತ್ತಿ ಹೋದ. "ನೋಡಿದ್ಯಾ, ಕೋಡ್ ತೆರೆದಿದ್ದಕ್ಕೇ ಸಿಕ್ತು" ಅಂತ ನಾನು. "ಅವನು ಕೆಲಸ ಮಾಡ್ತಿದ್ದಿದ್ದು ಮೈಕ್ರೋಸಾಫ್ಟ್‌ನಲ್ಲಿ" ಅಂತ ಅವನು. ಅದೂ ನಿಜ. ಜೊತೆಗೆ ಇನ್ನೊಂದನ್ನೂ ಹೇಳಿದ, ಕಳ್ಳಬಾಗಿಲನ್ನು ಎಬ್ಬಿಸುವ ಸಾಲು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ, ಹಂಚಲು ಕಟ್ಟಿಟ್ಟ ಕಂತೆಯಲ್ಲಿ ಮಾತ್ರ ಇತ್ತು ಅಂತ. ಇದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿದೆ ಅಂತ ಗೊತ್ತಿರಲಿಲ್ಲ.

ಸರಿ, ಇನ್ನು ದೊಡ್ಡ ಆಯುಧವೇ ಬೇಕು ಅಂತ ಕರ್ಕ್‌ಹಾಫ್ಸ್‌ನನ್ನು ಹೊರಗೆ ತೆಗೆದೆ. ಅಗಸ್ಟ್ ಕರ್ಕ್‌ಹಾಫ್ಸ್, 1883. ಸೈನ್ಯದ ಗುಪ್ತ ಲಿಪಿಗಳ ಬಗ್ಗೆ ಫ್ರೆಂಚ್‌ನಲ್ಲಿ ಬರೆದವನು. ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟೆಲ್ಲ ಕೀಲಿಯಲ್ಲಿರಬೇಕು ಅಂದವನು. ಓಪನ್ ಸೋರ್ಸ್ ಪರ ವಾದಿಸುವ ಪ್ರತಿಯೊಬ್ಬನ ಜೇಬಿನಲ್ಲೂ ಈ ಮಾತು ಇರುತ್ತದೆ. ನಾನೂ ಹತ್ತಾರು ಸಲ ಬಳಸಿದ್ದೇನೆ. ಈ ಸಲ ಮಾತ್ರ ಸರಿಯಾಗಿ ಬರೆಯೋಣ ಅಂತ ಮೂಲ ಹುಡುಕಿದೆ. ಅವನು ಹಾಕಿದ್ದು ಒಂದು ನಿಯಮ ಅಲ್ಲ, ಆರು. ನಾವೆಲ್ಲ ಹೇಳುವುದು ಎರಡನೆಯದು. ಆರನೆಯದರಲ್ಲಿ ಏನಿದೆ ಅಂದರೆ, ಬಳಸಲು ಸುಲಭ ಇರಬೇಕು, ತಲೆ ಕೆಡಿಸಿಕೊಳ್ಳುವಂತಿರಬಾರದು, ಉದ್ದುದ್ದ ನಿಯಮಗಳ ಪಟ್ಟಿ ನೆನಪಿಟ್ಟುಕೊಳ್ಳುವಂತಿರಬಾರದು.

ಓದಿದೆ. ನನ್ನ ವಾದಕ್ಕೆ ಇದರಿಂದ ಉಪಯೋಗ ಇಲ್ಲ ಅಂತ ಬಿಟ್ಟೆ. ಎರಡನೆಯದನ್ನು ಮಾತ್ರ ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ಅಕ್ಕನ ಫೋನ್.

"ಲೋ, ಬಿಡುವಾಗಿದ್ದೀಯಾ? ಒಂದು ಅರ್ಜಿ ತುಂಬ್ಬೇಕಿತ್ತು ಕಣೋ, ನಿನ್ನ ಬ್ರೌಸರ್ ಹಳೇದಾಯ್ತು ಅಂತ ಒಳಗೇ ಬಿಡ್ತಿಲ್ಲ."

ಹಳೇದಾ? ಆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ವಿಂಡೋಸ್ ಸಾಕಾಗಿದೆ ಅಂದಿದ್ದಳು, ನಾನು ಕುಣಿದುಕೊಂಡು ಹೋಗಿ ಮಾಡಿಕೊಟ್ಟಿದ್ದೆ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದೆ, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ. ಎರಡು ನಿಮಿಷ ಮುಟ್ಟದಿದ್ದರೆ ಪರದೆ ಲಾಕ್. ಪಾಸ್‌ವರ್ಡ್‌ಗಳನ್ನೆಲ್ಲ ಭದ್ರವಾಗಿಡಲು ಕೀಪಾಸ್‌ಎಕ್ಸ್‌ಸಿ ಅನ್ನುವ ಸಾಫ್ಟ್‌ವೇರ್, ಅದನ್ನು ತೆರೆಯಲು ಒಂದು ಉದ್ದನೆಯ ಪಾಸ್‌ವರ್ಡ್, ಅದು ಸಾಲದು ಅಂತ ಪೆನ್‌ಡ್ರೈವ್‌ನಲ್ಲಿ ಒಂದು ಕೀಲಿ ಫೈಲ್. ಪೆನ್‌ಡ್ರೈವ್ ಚುಚ್ಚದಿದ್ದರೆ ತೆರೆಯುವುದೇ ಇಲ್ಲ. ನನಗೆ ಅದು ಕೋಟೆ ಕಟ್ಟಿದ ಹಾಗಿತ್ತು.

ದೂರದಿಂದಲೇ ಅವಳ ಪರದೆ ನೋಡಿದೆ. ಒಂದು ಮೂಲೆಯಲ್ಲಿ ಮಳೆ ಸುರಿಯುತ್ತಿತ್ತು. ಅಂದರೆ ಮಳೆಯ ವಿಡಿಯೋ, ಎಂಟು ಗಂಟೆ ಉದ್ದದ್ದು, ಸದ್ದು ಬಂದ್ ಮಾಡಿ ಓಡುತ್ತಿತ್ತು.

"ಅಕ್ಕಾ, ಇದೇನಿದು?"

"ಅದು ಓಡ್ತಾ ಇದ್ರೆ ಲಾಕ್ ಆಗಲ್ಲ ಕಣೋ. ಎರಡು ಮೂರು ಸಾಲು ಓದೋದ್ರೊಳಗೆ ಮುಚ್ಕೊಂಡ್ ಬಿಡುತ್ತೆ ನಿಂದು. ಇದನ್ನ ನಾನೇ ಕಂಡುಹಿಡಿದಿದ್ದು."

ಕೊನೆಯ ವಾಕ್ಯದಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಇರಲೇಬೇಕು. ವಿಡಿಯೋ ಓಡುವಾಗ ಪರದೆ ಲಾಕ್ ಆಗದಂತೆ ತಡೆಯುವ ಏರ್ಪಾಡು ನಿಜಕ್ಕೂ ಸಿಸ್ಟಂ ಒಳಗೇ ಇದೆ, ಅವಳು ಮ್ಯಾನುಯಲ್ ಓದದೆ ಅದನ್ನು ಪತ್ತೆ ಮಾಡಿದ್ದಳು.

ಡೆಸ್ಕ್‌ಟಾಪ್‌ನಲ್ಲಿ ‘ಹಳೆ ಫೋಟೋ ಪಟ್ಟಿ’ ಅಂತ ಒಂದು ಟೆಕ್ಸ್ಟ್ ಫೈಲ್ ಕಂಡಿತು. ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಹೌದು, ಎಲ್ಲ ಪಾಸ್‌ವರ್ಡ್‌ಗಳೂ ಅದರಲ್ಲೇ ಇದ್ದವು, ಒಂದರ ಕೆಳಗೆ ಒಂದು. ಪೆನ್‌ಡ್ರೈವ್ ಎಲ್ಲಿ ಅಂದೆ. "ಅದು ಕಳೆದುಹೋದ್ರೆ ಎಲ್ಲಾ ಹೋಯ್ತು ಅಂತ ಹೆದರಿಸಿದ್ಯಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀನಿ. ದಿನಾ ಯಾರು ತೆಗೀತಾರೆ ಅದನ್ನ?"

ಆಮೇಲೆ ಅಪ್‌ಡೇಟ್. ಎಂಟು ತಿಂಗಳಿಂದ ಒಂದೂ ಆಗಿಲ್ಲ. ದಿನಾ ಬೆಳಗ್ಗೆ ಒಂದು ಚೌಕ ಬರುತ್ತಿತ್ತಂತೆ. ನನ್ನೆದುರಿಗೇ ಬಂತು. ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಸಾಲದು, ಇಷ್ಟು ಎಂಬಿ ಖಾಲಿ ಮಾಡಿ, ಹಳೆಯ ಕರ್ನಲ್‌ಗಳನ್ನು ಇಂಥ ಕಮಾಂಡ್‌ನಿಂದ ತೆಗೆಯಿರಿ ಅಂತ ನಾಲ್ಕು ಸಾಲು. ಕೆಳಗೆ ‘ವಿವರ’ ಮತ್ತು ‘ಆಮೇಲೆ’ ಅಂತ ಎರಡು ಬಟನ್. ಮೊದಲ ಸಲ ‘ವಿವರ’ ಒತ್ತಿದಾಗ ಇನ್ನೂ ಇಪ್ಪತ್ತು ಸಾಲು ಬಂದಿತ್ತಂತೆ. ಅವತ್ತಿನಿಂದ ‘ಆಮೇಲೆ’.

ಇಲ್ಲಿ ನನ್ನ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಬೂಟ್ ಪಾರ್ಟಿಷನ್ ಅಲ್ಲಿ ಪ್ರತ್ಯೇಕವಾಗಿ, ಅದೂ ಚಿಕ್ಕದಾಗಿ ಇದ್ದದ್ದು ಯಾಕೆ? ನಾನು ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದಕ್ಕೆ. ಹಾಗೆ ಮಾಡಿದಾಗ ಕಂಪ್ಯೂಟರ್ ಶುರುವಾಗಲು ಬೇಕಾದಷ್ಟನ್ನು ಸಾಮಾನ್ಯವಾಗಿ ಒಂದು ಚಿಕ್ಕ ಜಾಗದಲ್ಲಿ ಬೀಗವಿಲ್ಲದೆ ಇಡುತ್ತಾರೆ. ಪ್ರತಿ ಹೊಸ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಅಲ್ಲಿ ಬಂದು ಕೂರುತ್ತದೆ, ಹಳೆಯದು ಎದ್ದು ಹೋಗದಿದ್ದರೆ ಜಾಗ ತುಂಬುತ್ತದೆ, ಜಾಗ ತುಂಬಿದರೆ ಅಪ್‌ಡೇಟ್ ನಿಲ್ಲುತ್ತದೆ. ಲ್ಯಾಪ್‌ಟಾಪ್ ಕದ್ದೊಯ್ಯುವ ಕಳ್ಳನಿಗೆ ಅಂತ ನಾನು ಹಾಕಿದ ಬೀಗವೇ ಎಂಟು ತಿಂಗಳು ಭದ್ರತೆಯ ಅಪ್‌ಡೇಟ್‌ಗಳನ್ನು ಹೊರಗೆ ನಿಲ್ಲಿಸಿತ್ತು. ಬೆಳಗ್ಗೆ "ಪ್ಯಾಚ್ ಇತ್ತು, ಹಾಕಿಕೊಂಡಿರಲಿಲ್ಲ" ಅಂದಿದ್ದೆವಲ್ಲ, ಹಾಕಿಕೊಳ್ಳದವರು ಎಂಥವರು ಅಂತ ನೋಡಬೇಕಿದ್ದರೆ ದೂರ ಹೋಗಬೇಕಾಗಿರಲಿಲ್ಲ.

ಇದರಲ್ಲಿ ಅಕ್ಕನ ತಪ್ಪು ಹುಡುಕಲು ನೋಡಿದೆ, ಸುಳ್ಳು ಯಾಕೆ ಹೇಳಲಿ. "ಒಂದು ಮಾತು ಕೇಳ್ಬಾರ್ದಾ ನನ್ನ?" ಅಂದೆ. "ಕೇಳಿದ್ದೆ. ನೀನು ಟರ್ಮಿನಲ್ ತೆಗಿ ಅಂದೆ" ಅಂದಳು. ನೆನಪಾಯಿತು, ಕಮಾಂಡ್ ಟೈಪ್ ಮಾಡುವ ಆ ಕಪ್ಪು ಪರದೆ.

ನನ್ನದೇನು ಕಮ್ಮಿ? ನನ್ನದೊಂದು ಪುಟ್ಟ ಸರ್ವರ್ ಇದೆ. ಅದರಲ್ಲಿ ಎಸ್‌ಇಲಿನಕ್ಸ್ ಇದೆ, ಅಂದರೆ ಇತ್ತು. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಬಿಗಿಯಾಗಿ ಕಾಯುವ ವ್ಯವಸ್ಥೆ ಅದು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಶುರುಮಾಡಿದ್ದು, 2003ರಲ್ಲಿ ಕರ್ನಲ್ ಒಳಗೆ ಸೇರಿತು. ಒಂದು ರಾತ್ರಿ ಏನೋ ಓಡಲಿಲ್ಲ, ಲಾಗ್‌ನಲ್ಲಿ ಬಂದದ್ದು ಅರ್ಥ ಆಗಲಿಲ್ಲ, ಒಂದು ಸಾಲು ಹೊಡೆದು ಅದನ್ನು ಆರಿಸಿದೆ. ನಾಳೆ ನೋಡೋಣ ಅಂದುಕೊಂಡೆ. ಮೂರು ವರ್ಷ ಆಯಿತು. ನನ್ನ ‘ಆಮೇಲೆ’ ಬಟನ್ ಕಪ್ಪು ಪರದೆಯಲ್ಲಿತ್ತು, ಅವಳದು ಬಿಳಿ ಚೌಕದಲ್ಲಿತ್ತು, ವ್ಯತ್ಯಾಸ ಅಷ್ಟೇ.

ಮಧ್ಯಾಹ್ನವೆಲ್ಲ ಅದೇ ಕೆಲಸ. ಹಳೆಯ ಕರ್ನಲ್‌ಗಳನ್ನು ತೆಗೆದೆ, ಭದ್ರತೆಯ ಅಪ್‌ಡೇಟ್‌ಗಳು ಕೇಳದೆ ತಾವೇ ಆಗುವಂತೆ ಮಾಡಿದೆ, ಹಳೆಯ ಕರ್ನಲ್‌ಗಳೂ ತಾವೇ ಹೋಗುವಂತೆ. ಲಾಕ್ ಎರಡರ ಬದಲು ಹದಿನೈದು ನಿಮಿಷಕ್ಕೆ. ಕೀಲಿ ಫೈಲ್ ತೆಗೆದೇಬಿಟ್ಟೆ. ಮನೆಯಲ್ಲಿ ಅವಳೊಬ್ಬಳೇ ಬಳಸುವ ಯಂತ್ರಕ್ಕೆ ಅದು ಬೇಕಾಗಿರಲಿಲ್ಲ, ನನ್ನ ಖುಷಿಗೆ ಹಾಕಿದ್ದು. ಅವಳಿಗೇ ನೆನಪಿರುವ ನಾಲ್ಕೈದು ಪದ ಸೇರಿಸಿ ಒಂದು ಪಾಸ್‌ವರ್ಡ್ ಮಾಡಿಸಿದೆ. ‘ಹಳೆ ಫೋಟೋ ಪಟ್ಟಿ’ಯಲ್ಲಿದ್ದದ್ದನ್ನೆಲ್ಲ ಒಳಗೆ ಸೇರಿಸಿ ಫೈಲ್ ಅಳಿಸಿದಾಗ ಅವಳಿಗೆ ಸ್ವಲ್ಪ ಬೇಜಾರಾಯಿತು, "ಚೆನ್ನಾಗಿತ್ತು ಅದು" ಅಂದಳು. ಅರ್ಜಿಯೂ ಹೋಯಿತು.

ಅಷ್ಟರಲ್ಲಿ ಗುಂಪಿನಲ್ಲಿ ಎಂಬತ್ತು ಮೆಸೇಜ್. ಯಾರೋ ಹಳೇ ಅಧ್ಯಯನವೊಂದನ್ನು ತಂದಿದ್ದರು. 1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಅನ್ನುವವರು 12 ಜನರಿಗೆ ಸಂದೇಶಗಳನ್ನು ಗುಪ್ತ ಲಿಪಿಗೆ ತಿರುಗಿಸುವ ಪಿಜಿಪಿ 5.0 ಕೊಟ್ಟು, 90 ನಿಮಿಷದೊಳಗೆ ಗುಟ್ಟಿನ ಸಂದೇಶವನ್ನು ಭದ್ರವಾಗಿ ಕಳಿಸಿ ಅಂದಿದ್ದರು. ಹೆಚ್ಚಿನವರಿಗೆ ಆಗಲಿಲ್ಲ. ಮೂವರು ಗುಟ್ಟನ್ನು ಬಯಲಾಗಿಯೇ ಕಳಿಸಿಬಿಟ್ಟರು. ಅವತ್ತು ಆ ಸಾಫ್ಟ್‌ವೇರಿನ ಗಣಿತದಲ್ಲಿ ಏನೂ ತೊಂದರೆ ಇರಲಿಲ್ಲ. ಗೆಳೆಯ "ಎಲ್ಲಿ ಮಾಯವಾದೆ, ಸೋಲೊಪ್ಪಿಕೊಂಡ್ಯಾ?" ಅಂತ ಕೇಳಿದ್ದ. ಮಳೆಯ ವಿಡಿಯೋ ಕಥೆ ಬರೆಯಲು ಶುರುಮಾಡಿದೆ, ಅಳಿಸಿದೆ. ಅದನ್ನು ಅವನು ಓಪನ್ ಸೋರ್ಸ್ ವಿರುದ್ಧ ಬಳಸುತ್ತಾನೆ ಅಂತ. ಮೊದಲು ಅದೇ ಯಂತ್ರದಲ್ಲಿ ವಿಂಡೋಸ್ ಇದ್ದಾಗಲೂ ಅಪ್‌ಡೇಟ್ ಕೇಳಿದರೆ ಅವಳು ಮುಂದಕ್ಕೆ ಹಾಕುತ್ತಿದ್ದಳು, ಅದನ್ನೂ ಬರೆಯಬಹುದಿತ್ತು. ಬರೆಯಲಿಲ್ಲ.

ಬದಲಿಗೆ ಆ ಚೌಕದ ಬಗ್ಗೆ ಒಂದು ಬಗ್ ರಿಪೋರ್ಟ್ ಹಾಕಿದೆ. ಇಷ್ಟು ವರ್ಷದಲ್ಲಿ ಕೋಡ್ ತೆರೆದಿರುವುದರ ಉಪಯೋಗವನ್ನು ನಾನು ಪಡೆದದ್ದು ಅಷ್ಟೇ, ದೂರು ಎಲ್ಲಿ ಕೊಡಬೇಕು ಅಂತ ಗೊತ್ತಿತ್ತು. ‘ಸಾಮಾನ್ಯ ಜನರಿಗೆ ಇದು ಅರ್ಥ ಆಗುವುದಿಲ್ಲ’ ಅಂತ ಎರಡು ಪ್ಯಾರಾ ಬರೆದೆ. ಮೂರು ದಿನ ಬಿಟ್ಟು ಒಬ್ಬರು ಬಹಳ ಸಭ್ಯವಾಗಿ ಉತ್ತರಿಸಿದರು. ಒಪ್ಪುತ್ತೇನೆ, ಹಾಗಾದರೆ ಅಲ್ಲಿ ಏನು ಬರೆಯಬೇಕು ಅಂತ ನೀವೇ ಹೇಳಿ ಅಂತ.

ಅರ್ಧ ಗಂಟೆ ಕೂತೆ. ನಾನು ಬರೆದ ಪ್ರತಿ ವಾಕ್ಯದಲ್ಲೂ ‘ಪಾರ್ಟಿಷನ್’ ಬಂದು ಕೂರುತ್ತಿತ್ತು. ಅದನ್ನು ತೆಗೆದರೆ ‘ಕರ್ನಲ್’. ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ಆ ಚೌಕದಲ್ಲಿ ಏನಂತ ಇದ್ದಿದ್ದರೆ ನೀನು ‘ಆಮೇಲೆ’ ಒತ್ತುತ್ತಿರಲಿಲ್ಲ ಅಂತ ಕೇಳಿದೆ.

ಅವಳು ಯೋಚಿಸಲೂ ಇಲ್ಲ. "ಬೀಗ ಹಳೇದಾಗಿದೆ, ಹೊಸದು ಹಾಕೋಕೆ ಜಾಗ ಇಲ್ಲ, ಹಳೇ ಸಾಮಾನು ತೆಗೀಲಾ ಅಂತ ಕೇಳಿದ್ರೆ ಹೂಂ ಅಂತಿದ್ದೆ. ಅದೇ ತಾನೇ ಅದು ಕೇಳ್ತಿದ್ದಿದ್ದು?"

ಅದೇ ಕೇಳುತ್ತಿದ್ದುದು. ಹಾಗೇ ಬರೆದು ಕಳಿಸಿದೆ. ಆ ರಿಪೋರ್ಟ್ ಇನ್ನೂ ತೆರೆದೇ ಇದೆ.