ವಾಚನಾಲಯದ ದತ್ತಸಂಚಯ: ಎರಡು ಶಿವಮೊಗ್ಗಗಳು ಒಂದಾದ ವಾರ

ನಮ್ಮೂರಿನ ವಾಚನಾಲಯದ ಪುಸ್ತಕಪಟ್ಟಿಯನ್ನು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶಕ್ಕೆ ಏರಿಸುವ ಕೆಲಸ ಈ ವಾರ ಒಂದು ಹದಕ್ಕೆ ಬಂದಿದೆ. ಮೊದಲು ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ತುಂಬಿದ್ದರಿಂದ, ನಾಲ್ಕು ಪ್ರತಿಗಳಿರುವ ಪುಸ್ತಕದ ಶೀರ್ಷಿಕೆಯಲ್ಲಿ ಕಾಗುಣಿತ ತಿದ್ದಿದರೆ ಒಂದು ಸಾಲಾದರೂ ತಿದ್ದದೆ ಉಳಿಯುತ್ತಿತ್ತು. ಈಗ ಪುಸ್ತಕ, ಪ್ರತಿ, ಪ್ರಕಾಶನ ಸ್ಥಳ, ಎರವಲು ಬೇರೆ ಬೇರೆ ಕೋಷ್ಟಕಗಳಾಗಿವೆ.

ಹೆಚ್ಚು ಹೊತ್ತು ಹಿಡಿದದ್ದು ಸ್ಥಳದ ಕೋಷ್ಟಕ. ಹೆಸರಿನ ಅಂಕಣಕ್ಕೆ, ಒಂದೇ ಹೆಸರು ಎರಡು ಸಲ ಬರದಂತೆ ತಡೆಯುವ ಯೂನಿಕ್ ನಿಬಂಧನೆ ಹಾಕಿದ್ದರೂ ‘ಶಿವಮೊಗ್ಗ’ ಎರಡು ಸಾಲುಗಳಲ್ಲಿ ಕುಳಿತಿತ್ತು. ಕಣ್ಣಿಗೆ ಎರಡೂ ಒಂದೇ. ಉದ್ದ ಅಳೆದಾಗ ಒಂದರಲ್ಲಿ 8 ಯೂನಿಕೋಡ್ ಸಂಕೇತಗಳು (ಗಣಕಯಂತ್ರದಲ್ಲಿ ಅಕ್ಷರ, ಚಿಹ್ನೆಗಳನ್ನು ಗುರುತಿಸುವ ಸಂಖ್ಯೆಗಳು), ಇನ್ನೊಂದರಲ್ಲಿ 9. ನಾನು ಕೀಲಿಸಿದ್ದರಲ್ಲಿ ‘ಮೊ’ದ ಒಕಾರ ಒಂದೇ ಸಂಕೇತವಾಗಿದ್ದರೆ, ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಟ್ಟಿಯಲ್ಲಿ ಅದು ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿತ್ತು. ಹೆಚ್ಚುವರಿ ಸಾಲನ್ನು ಅಳಿಸಹೋದಾಗ ಫಾರಿನ್ ಕೀ (ಒಂದು ಕೋಷ್ಟಕದ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ) ತಡೆಯಿತು, ಏಕೆಂದರೆ ಆ ಸಾಲನ್ನೇ ನೆಚ್ಚಿಕೊಂಡ ಪುಸ್ತಕಗಳಿದ್ದವು. ಆ ತಡೆ ಇಲ್ಲದಿದ್ದರೆ ಅವೆಲ್ಲ ಊರಿಲ್ಲದ ಪುಸ್ತಕಗಳಾಗಿಬಿಡುತ್ತಿದ್ದವು. ಆಮೇಲೆ ಒಂದೇ ಟ್ರಾನ್ಸಾಕ್ಷನ್ನಿನೊಳಗೆ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕಟ್ಟಿನಲ್ಲಿ) ಆ ಪುಸ್ತಕಗಳನ್ನು ಸರಿಯಾದ ಸಾಲಿಗೆ ಜೋಡಿಸಿ, ಹೆಚ್ಚುವರಿಯನ್ನು ಅಳಿಸಿ, ಉಳಿದ ಹೆಸರುಗಳನ್ನು, ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದು, ಆ ರೂಪದಲ್ಲಿಲ್ಲದ ಹೆಸರನ್ನು ಒಪ್ಪದ ಚೆಕ್ ನಿಬಂಧನೆಯನ್ನು ಸೇರಿಸಿದೆ. 2020ರಲ್ಲಿ ಬಂದ 13ನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸೇ ಈ ಪರೀಕ್ಷೆಯನ್ನು ಮಾಡಬಲ್ಲದು. ಕನ್ನಡ ಹೆಸರುಗಳನ್ನು ಕೂಡಿಡುವ ಯಾವ ಕೋಷ್ಟಕಕ್ಕೂ ಇದನ್ನು ಮೊದಲ ದಿನವೇ ಹಾಕಬೇಕೆಂದು ನನಗೆ ಈಗ ಅನಿಸುತ್ತದೆ. ಕೀಲಿಸುವವರ ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಅವರ ಎಚ್ಚರಿಕೆಗೆ ಬಿಡುವುದು ನ್ಯಾಯವಲ್ಲ.

ಎರವಲಿನಲ್ಲಿ ಒಂದೇ ಪ್ರತಿ ಇಬ್ಬರ ಹೆಸರಿನಲ್ಲಿ ಇರಕೂಡದು. ಆದರೆ ಹಿಂದಿರುಗಿದ ಪ್ರತಿ ಮತ್ತೆ ಹೊರಗೆ ಹೋಗಬೇಕು. ಹಾಗಾಗಿ ಹಿಂದಿರುಗಿಸಿದ ದಿನಾಂಕ ಖಾಲಿಯಿರುವ ಸಾಲುಗಳಿಗೆ ಮಾತ್ರ ಅನ್ವಯಿಸುವ ಯೂನಿಕ್ ಇಂಡೆಕ್ಸನ್ನು (ಸಾಲುಗಳನ್ನು ಬೇಗ ಹುಡುಕಲು ಕಟ್ಟುವ ಸೂಚಿಯನ್ನು) ಪ್ರತಿಯ ಸಂಖ್ಯೆಯ ಮೇಲೆ ಕಟ್ಟಿದ್ದೇನೆ. ಫಾರಿನ್ ಕೀ ಇರುವ ಅಂಕಣಗಳಿಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ ಕಟ್ಟುವುದಿಲ್ಲವಾದ್ದರಿಂದ ಅವನ್ನೂ ಕೈಯಾರೆ ಸೇರಿಸಿದೆ.

ಶನಿವಾರ ಬ್ಯಾಕಪ್ಪನ್ನು ಬೇರೊಂದು ಗಣಕಯಂತ್ರದಲ್ಲಿ ಮರುಸ್ಥಾಪಿಸಿ ನೋಡಿದೆ. ಕೋಷ್ಟಕಗಳ ಒಡೆತನ ಹೊಂದಿದ್ದ ರೋಲ್ (ಬಳಕೆದಾರ ಖಾತೆ) ಅಲ್ಲಿ ಇಲ್ಲವೆಂದು ದೋಷಗಳು ಸಾಲುಗಟ್ಟಿ ಬಂದವು. ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಸಾಧನವಾದ ಪಿಜಿ-ಡಂಪ್ ತೆಗೆಯುವುದು ಒಂದು ದತ್ತಸಂಚಯವನ್ನು ಮಾತ್ರ. ರೋಲ್‌ಗಳು ಇಡೀ ಸರ್ವರಿಗೆ ಸೇರಿದವು, ಅವನ್ನು ಪಿಜಿ-ಡಂಪ್‌ಆಲ್‌ನಿಂದ ಬೇರೆಯಾಗಿ ತೆಗೆದಿಡಬೇಕು. ಎರಡನ್ನೂ ಸೇರಿಸಿ ಎರಡನೆಯ ಸಲ ಮರುಸ್ಥಾಪಿಸಿದಾಗ ದೋಷ ಬರಲಿಲ್ಲ, ಪ್ರತಿ ಕೋಷ್ಟಕದ ಸಾಲುಗಳ ಎಣಿಕೆಯೂ ತಾಳೆಯಾಯಿತು. ಮುಂದಿನ ವಾರ ಹಳೆಯ ಎರವಲು ವಹಿಯ ಪುಟಗಳನ್ನು ಏರಿಸಲು ತೊಡಗುತ್ತೇನೆ.