ಆಂಪ್ ಬದಲಿಸುವ ಮುಂಚೆ ಸ್ಪೀಕರ್ ಹಿಂದೆ ಬಗ್ಗಿ ನೋಡಿ

ಮನೆಗಳಿಗೆ ಹೋಂ ಥಿಯೇಟರ್ ಕೂಡಿಸಿಕೊಡುವುದು ನನ್ನ ಕೆಲಸ. ವೈರ್ ಎಳೆಯುವುದರಿಂದ ಹಿಡಿದು ಕೊನೆಗೆ ರಿಮೋಟ್ ಕೈಗಿಟ್ಟು ಬರುವವರೆಗೆ ಎಲ್ಲ ನಾನೇ. "ರಿಸೀವರ್ ಒಂದೇ ಸಾಕಾ, ಆಂಪ್ ಬೇರೆ ಹಾಕಿಸಲಾ?" ಅಂತ ಕೇಳದವರು ಕಡಿಮೆ. ರಿಸೀವರ್ ಅಂದರೆ ಟಿವಿ, ಪ್ಲೇಯರುಗಳ ಕೇಬಲ್ ಎಲ್ಲ ಬಂದು ಸೇರುವ ಡಬ್ಬ; ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ ಅದರೊಳಗೇ ಒಂದು ಇರುತ್ತದೆ. ಮೊದಮೊದಲು ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತಿತ್ತು: ಬೇರೆ ಹಾಕಿಸಿ. ಒಬ್ಬ ಹಿರಿಯರ ಮನೆಯಲ್ಲಿ ಆ ಉತ್ತರ ನನ್ನ ಗಂಟಲಿಗೇ ಸಿಕ್ಕಿಕೊಂಡಿತು.

ಅವರ ದೂರು ಇಷ್ಟೇ. ಸಿನಿಮಾದಲ್ಲಿ ಜೋರು ದೃಶ್ಯ ಬಂದಾಗ ರಿಸೀವರ್ ಟಕ್ ಅಂತ ಬಾಯಿ ಮುಚ್ಚಿಕೊಳ್ಳುತ್ತದೆ, ಮುಂದಿನ ದೀಪ ಕೆಂಪಗೆ ಮಿಣುಕುತ್ತದೆ. ನಾನು ಫೋನಿನಲ್ಲೇ ರೋಗ ಹೇಳಿಬಿಟ್ಟೆ. "ಸರ್, ನಿಮ್ಮ ರಿಸೀವರ್‌ಗೆ ದಮ್ ಸಾಲದು. ಐದು ಚಾನೆಲ್‌ನ ಪವರ್ ಆಂಪ್ ಹಾಕಿಬಿಡೋಣ." (ಒಂದು ಚಾನೆಲ್ ಅಂದರೆ ಒಂದು ಸ್ಪೀಕರಿನ ದಾರಿ.) ನಂಬಿದರು, ತರಿಸಿದರು. ಅದನ್ನು ಮೆಟ್ಟಿಲು ಹತ್ತಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ತೂಕ ಅದು.

ಕೂಡಿಸಿದ ಮೇಲೆ ಮೊದಲು ಬಂದದ್ದು ಗುಂಯ್ ಅನ್ನುವ ಸದ್ದು. ರಿಸೀವರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಆಂಪ್ ಇನ್ನೊಂದರಲ್ಲಿ, ತಗ್ಗು ಗುಡುಗು ಸದ್ದಿಗೆಂದೇ ಇರುವ ಸಬ್‌ವೂಫರ್ ಮತ್ತೊಂದರಲ್ಲಿ ಇದ್ದವು. ಎರಡು ದಾರಿಯಿಂದ ಅರ್ಥ್ ಸೇರಿ ಒಂದು ಸುತ್ತು ಆದರೆ ಸ್ಪೀಕರ್ ಹೀಗೆ ಗುನುಗುತ್ತದೆ. ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಎಳೆದ ಮೇಲೆ ಸದ್ದು ನಿಂತಿತು. (ಈ ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿದು ಹಾಕುವವರನ್ನು ಕಂಡಿದ್ದೇನೆ. ಶಾಕ್ ಹೊಡೆಯದಂತೆ ಇರುವುದೇ ಆ ಪಿನ್. ಅದರ ತಂಟೆಗೆ ಹೋಗಬೇಡಿ.)

ಆಮೇಲೆ ಅದೇ ದೃಶ್ಯ ಹಾಕಿದೆವು. ಹೊಸ ಆಂಪ್ ಕೂಡ ಟಕ್ ಅಂತ ನಿಂತಿತು.

ಆಗಲಾದರೂ ಬುದ್ಧಿ ಬಂದು, ಬಲಗಡೆಯ ಸ್ಪೀಕರನ್ನು ಮುಂದಕ್ಕೆಳೆದು ಹಿಂದೆ ಟಾರ್ಚ್ ಬಿಟ್ಟೆ. ಕೆಂಪು ಟರ್ಮಿನಲ್‌ಗೆ ಹೋದ ವೈರಿನಿಂದ ಕೂದಲೆಳೆಯಷ್ಟು ತೆಳುವಾದ ಒಂದು ತಾಮ್ರದ ಎಳೆ ಹೊರಗೆ ಬಂದು ಕಪ್ಪು ಟರ್ಮಿನಲ್ಲಿನ ಕಡೆ ಬಾಗಿತ್ತು. ಸಣ್ಣ ಸದ್ದಿನಲ್ಲಿ ಸುಮ್ಮನಿರುತ್ತಿದ್ದ ಅದು, ಸ್ಪೀಕರ್ ಅದುರಿದಾಗ ಹೋಗಿ ತಾಗುತ್ತಿತ್ತು. ಶಾರ್ಟ್ ಆಗುತ್ತಿತ್ತು. ರಿಸೀವರ್ ಪಾಪ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಆ ವೈರನ್ನು ಎರಡು ವರ್ಷದ ಹಿಂದೆ ಹೊಸೆದು ಸಿಕ್ಕಿಸಿದವನು ನಾನೇ.

ಹಿರಿಯರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದ್ರೆ ಇದನ್ನ ಯಾಕೆ ತಂದ್ವಿ?"

ಆಂಪ್ ವಾಪಸ್ ನಾನೇ ತೆಗೆದುಕೊಂಡೆ, ಅವರು ಕೊಟ್ಟಷ್ಟೇ ಹಣಕ್ಕೆ. ಇಳಿಸುವಾಗ ಅದು ಹತ್ತಿಸಿದಾಗಿಗಿಂತ ಭಾರ ಇತ್ತು.

ಅಲ್ಲಿಂದ ನನ್ನ ಕ್ರಮವೇ ಬದಲಾಯಿತು. ಈಗ ಆಂಪ್ ಬೇಕು ಅನ್ನುವವರ ಮನೆಯಲ್ಲಿ ಮೊದಲು ಸ್ಪೀಕರ್ ಹಿಂದೆ ಬಗ್ಗಿ ನೋಡುತ್ತೇನೆ. ಆಮೇಲೆ ರಿಸೀವರ್ ಎಲ್ಲಿ ಕೂತಿದೆ ಅಂತ. ಗಾಜಿನ ಬಾಗಿಲಿನ ಕಪಾಟಿನೊಳಗೆ, ಮೇಲೊಂದು ಸೆಟ್‌ಟಾಪ್ ಬಾಕ್ಸ್ ಹೇರಿಕೊಂಡು ಬೇಯುತ್ತಿರುವ ರಿಸೀವರ್‌ಗಳು ಎಷ್ಟೋ. ಏಳೋ ಒಂಬತ್ತೋ ಚಾನೆಲ್‌ಗಳ ಆಂಪ್, ಅವಕ್ಕೆಲ್ಲ ಒಂದೇ ಪವರ್ ಸಪ್ಲೈ, ಪಕ್ಕದಲ್ಲೇ ಎಚ್‌ಡಿಎಂಐ ಬೋರ್ಡು, ಎಲ್ಲ ಒಂದೇ ಡಬ್ಬದಲ್ಲಿ ಇರುವಾಗ ಶಾಖಕ್ಕೆ ಹೋಗಲು ಜಾಗ ಬೇಕಲ್ಲ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕಡೆಯವರೆಲ್ಲ ಹಿಡಿದಿರುವ ಲೆಕ್ಕ. ಬಾಗಿಲು ತೆಗೆದಿಟ್ಟರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಮೂರನೆಯದು ಸೆಟ್ಟಿಂಗ್. ಸಬ್‌ವೂಫರ್ ಇದ್ದರೂ ಮುಂದಿನ ಸ್ಪೀಕರ್‌ಗಳು 'ಲಾರ್ಜ್' ಅಂತ ಇರುತ್ತವೆ. ಅವನ್ನು 'ಸ್ಮಾಲ್' ಮಾಡಿ 80 ಹರ್ಟ್ಜ್‌ಗೆ ಕತ್ತರಿಸಿದರೆ ಅದಕ್ಕಿಂತ ಕೆಳಗಿನ ಭಾರವೆಲ್ಲ ಸಬ್‌ವೂಫರಿನ ಸ್ವಂತ ಆಂಪ್‌ಗೆ ಹೋಗುತ್ತದೆ, ರಿಸೀವರ್ ಹಗುರಾಗುತ್ತದೆ. ಆಳೆತ್ತರದ ಸ್ಪೀಕರ್ ಕೊಂಡವರಿಗೆ ಪರದೆಯ ಮೇಲೆ 'ಸ್ಮಾಲ್' ಅಂತ ಓದುವುದು ಸ್ವಲ್ಪ ಅವಮಾನ. ಅದು ಗಾತ್ರದ ಮಾತಲ್ಲ, ತಗ್ಗು ಸದ್ದನ್ನು (ಬೇಸ್) ಎಲ್ಲಿಗೆ ಕಳಿಸಬೇಕು ಅನ್ನುವ ಸೂಚನೆ ಅಷ್ಟೇ ಅಂತ ಪ್ರತಿ ಸಲ ಸಮಾಧಾನ ಮಾಡುತ್ತೇನೆ.

ಇಷ್ಟೂ ಸರಿ ಇದ್ದ ಮೇಲೆ ವಾಟ್‌ನ ಮಾತು. ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನಾನು ಓದುವುದೇ ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ 6 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ), 1 ಕಿಲೋಹರ್ಟ್ಜ್, ಒಂದೇ ಚಾನೆಲ್, ಶೇಕಡಾ 10 ಡಿಸ್ಟಾರ್ಷನ್ (ದನಿ ಕೆಡುವುದು) ಅಂತ ಇದ್ದರೆ ಅದು ಜಾಹೀರಾತಿನ ಅಂಕಿ. 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್, ಶೇಕಡಾ 0.1ರ ಒಳಗಿನ ಡಿಸ್ಟಾರ್ಷನ್ ಅಂತ ಇರುವ ಸಾಲು ಹುಡುಕಿ. ಅಲ್ಲಿನ ಅಂಕಿ ಯಾವಾಗಲೂ ಚಿಕ್ಕದು, ಯಾವಾಗಲೂ ನಂಬಬಹುದಾದ್ದು. ಈ ಚಾಳಿ ಎಷ್ಟು ಹಳೆಯದೆಂದರೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಇದಕ್ಕಾಗಿ ನಿಯಮ ಮಾಡಬೇಕಾಯಿತು, 2024ರಲ್ಲಿ ಅದನ್ನು ತಿದ್ದಿ ಮತ್ತೆ ಬಿಗಿ ಮಾಡಿತು. ಇನ್ನು "ಎಲ್ಲ ಚಾನೆಲ್ ಒಟ್ಟಿಗೆ ಓಡಿದರೆ ಎಷ್ಟು ವಾಟ್" ಅಂತ ಜಗಳವಾಡುವವರಿದ್ದಾರೆ. ಎಲ್ಲ ಸ್ಪೀಕರ್‌ಗಳೂ ಒಂದೇ ಕ್ಷಣಕ್ಕೆ ಪೂರ್ತಿ ಕಿರುಚುವ ಸಿನಿಮಾ ನಾನಂತೂ ನೋಡಿಲ್ಲ. ಆ ಜಗಳಕ್ಕೆ ನಾನು ಹೋಗುವುದಿಲ್ಲ.

ನಿಜವಾದ ಲೆಕ್ಕ ಇರುವುದು ಸ್ಪೀಕರಿನ ಸೆನ್ಸಿಟಿವಿಟಿಯಲ್ಲಿ ಮತ್ತು ಸೋಫಾ ಎಷ್ಟು ದೂರ ಅನ್ನುವುದರಲ್ಲಿ. 90 ಡೆಸಿಬೆಲ್ ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 90. ಬಯಲಿನಲ್ಲಾದರೆ 4 ಮೀಟರ್‌ಗೆ 12 ಡೆಸಿಬೆಲ್ ಕಳೆಯುತ್ತದೆ. ಕೋಣೆಯಲ್ಲಿ ಗೋಡೆಗಳು ಸ್ವಲ್ಪ ಹಿಂದಿರುಗಿಸುವುದರಿಂದ ನಾನು 9 ಹಿಡಿಯುತ್ತೇನೆ. ಉಳಿದದ್ದು 81. ಸ್ಫೋಟದ ಕ್ಷಣಕ್ಕೆ 100 ಮುಟ್ಟಬೇಕಾದರೆ ಇನ್ನೂ 19 ಡೆಸಿಬೆಲ್ ಏರಬೇಕು, ಅಂದರೆ ಸುಮಾರು 80 ವಾಟ್. ಒಳ್ಳೆಯ ರಿಸೀವರ್ ಇದನ್ನು ಆರಾಮಾಗಿ ಕೊಡುತ್ತದೆ. ಅದೇ ಸ್ಪೀಕರ್ 84 ಆಗಿದ್ದರೆ? ಆರೇ ಆರು ಡೆಸಿಬೆಲ್ ವ್ಯತ್ಯಾಸಕ್ಕೆ ನಾಲ್ಕು ಪಟ್ಟು ವಾಟ್: 300ರ ಆಚೆ. ಈಗ ಬೇರೆ ಆಂಪ್‌ನ ಮಾತು ಎತ್ತಬಹುದು. 100 ವಾಟ್‌ನಿಂದ 120ಕ್ಕೆ ಹೋಗುವವರಿಗೆ ಸಿಗುವುದು ಒಂದು ಡೆಸಿಬೆಲ್ಲೂ ಅಲ್ಲ.

ಅಂಥ ಮನೆಯೂ ಒಂದು ಸಿಕ್ಕಿತು. ರಿಸೀವರ್ ನಿಲ್ಲುತ್ತಿರಲಿಲ್ಲ, ಆದರೆ ಜೋರು ಮಾಡಿದಷ್ಟೂ ದನಿ ಚಪ್ಪಟೆಯಾಗಿ ಕರ್ಕಶವಾಗುತ್ತಿತ್ತು, ಡ್ರಮ್ಮಿನ ಏಟಿಗೆ ಏಟೇ ಇರಲಿಲ್ಲ. ಟಾರ್ಚ್ ಹಿಡಿದು ಹಿಂದೆಲ್ಲ ತಡಕಿದೆ, ಎಳೆ ಇಲ್ಲ. ಗಾಳಿ ಚೆನ್ನಾಗಿ ಆಡುತ್ತಿತ್ತು, 80ಕ್ಕೇ ಕತ್ತರಿಸಿತ್ತು. ಟೇಪ್ ಹಿಡಿದರೆ ಸೋಫಾ 4 ಮೀಟರ್‌ಗೂ ಆಚೆ. ಸ್ಪೀಕರ್ 4 ಓಮ್. ಕಾಗದದಲ್ಲಿ ಸೆನ್ಸಿಟಿವಿಟಿ 87 ಅಂತಿತ್ತು, ಆದರೆ ಅದು 2.83 ವೋಲ್ಟ್‌ಗೆ ಅಳೆದದ್ದು. 8 ಓಮ್‌ಗೆ ಅದು 1 ವಾಟ್, 4 ಓಮ್‌ಗೆ 2 ವಾಟ್. ಹಾಗಾಗಿ 1 ವಾಟ್‌ಗೆ ನಿಜವಾದ ಅಂಕಿ 84. ಸಾಲದ್ದಕ್ಕೆ ಯಾರೋ ರಿಸೀವರಿನ ಇಂಪಿಡೆನ್ಸ್ (ಓಮ್) ಸೆಟ್ಟಿಂಗನ್ನು 4 ಓಮ್‌ಗೆ ಇಳಿಸಿದ್ದರು. ಬಹುಪಾಲು ರಿಸೀವರ್‌ಗಳಲ್ಲಿ ಅದು ಒಳಗಿನ ವೋಲ್ಟೇಜನ್ನೇ ತಗ್ಗಿಸಿ ಬಿಸಿ ಕಡಿಮೆ ಮಾಡುವ ಉಪಾಯ. ಶಕ್ತಿ ಇನ್ನೂ ಕುಗ್ಗುತ್ತದೆ.

ರಿಸೀವರನ್ನು ತೆಗೆಯಲಿಲ್ಲ. ಅದರ ಬೆನ್ನಿನಲ್ಲಿ ಪ್ರಿ-ಔಟ್ ಇದ್ದವು, ಅಂದರೆ ಹೊರಗಿನ ಆಂಪಿಗೆ ಸಿಗ್ನಲ್ ಕಳಿಸುವ ತೂತುಗಳು. ಮುಂದಿನ ಮೂರು ಸ್ಪೀಕರ್‌ಗಳನ್ನು ಪವರ್ ಆಂಪ್‌ಗೆ ಕೊಟ್ಟು, ಹಿಂದಿನವನ್ನೂ ಸೂರಿನವನ್ನೂ ರಿಸೀವರ್‌ಗೇ ಬಿಟ್ಟೆವು. ಸೆಪರೇಟ್ಸ್ ಅಂದರೆ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಳ್ಳಬೇಕು ಅಂತೇನಿಲ್ಲ, ಮುಕ್ಕಾಲು ಪಾಲು ಮನೆಗಳಿಗೆ ಈ ನಡುದಾರಿಯೇ ಸಾಕು. ಆದ್ದರಿಂದ ಹೊಸದು ಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಹತ್ತು ವಾಟ್ ಹೆಚ್ಚಿರುವ ರಿಸೀವರಿಗಿಂತ ಪ್ರಿ-ಔಟ್ ಇರುವುದನ್ನು ಆರಿಸಿ. ಅಗ್ಗದವುಗಳಲ್ಲಿ ಸಬ್‌ವೂಫರಿಗೆ ಬಿಟ್ಟು ಬೇರೆ ಯಾವುದಕ್ಕೂ ಇರುವುದಿಲ್ಲ, ಮುಂದೆ ಬೇಕೆನಿಸಿದಾಗ ದಾರಿಯೇ ಮುಚ್ಚಿರುತ್ತದೆ.

ಅಲ್ಲಿ ಹಾಕಿದ ಆಂಪ್ ಬೇರೆ ಯಾವುದೂ ಅಲ್ಲ, ಹಿರಿಯರ ಮನೆಯಿಂದ ನಾನು ಹೊತ್ತು ಇಳಿಸಿದ್ದೇ. ಅಷ್ಟು ದಿನ ನನ್ನ ಕೋಣೆಯ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಆಮೇಲೆ ಆ ಮನೆಯವರು ಎಚ್‌ಡಿಎಂಐ 2.1 ಬೇಕೆಂದು ರಿಸೀವರ್ ಬದಲಿಸಿದರು, ಮಗನ ಗೇಮಿಂಗ್‌ಗಾಗಿ. ಆಂಪ್ ಜಾಗ ಬಿಟ್ಟು ಕದಲಲಿಲ್ಲ. ಹಳೇ ರಿಸೀವರಿನಿಂದ ಕೇಬಲ್ ಕಿತ್ತು ಹೊಸದಕ್ಕೆ ಸಿಕ್ಕಿಸಿದೆ, ಮೂರು ಆರ್‌ಸಿಎ ಕೇಬಲ್, ಐದು ನಿಮಿಷದ ಕೆಲಸ. ಹೊರಡುವ ಮುಂಚೆ ಸ್ಪೀಕರ್‌ಗಳ ಹಿಂದೆ ಇನ್ನೊಮ್ಮೆ ಟಾರ್ಚ್ ಬಿಟ್ಟೆ.