ಹ್ಯಾಕಥಾನ್ ಮುಗಿದ ಮೇಲೆ ಏನಾಗುತ್ತದೆ?

ಹೊಸದೇನಾದರೂ ಮಾಡಬೇಕು ಅಂತ ಮೇಲಿನವರಿಗೆ ಅನ್ನಿಸಿದ ಕೂಡಲೇ ಕಂಪನಿಯಲ್ಲಿ ಒಂದು ಹ್ಯಾಕಥಾನ್, ಅಂದರೆ ತಂಡಗಳಾಗಿ ಕೂತು ಒಂದೆರಡು ದಿನದಲ್ಲಿ ಹೊಸ ಐಡಿಯಾ ಮಾಡಿ ತೋರಿಸುವ ಸ್ಪರ್ಧೆ, ಆಗುತ್ತದೆ. ಟೀ ಶರ್ಟ್ ಹಂಚುತ್ತಾರೆ, ಗೆದ್ದ ತಂಡದ ಫೋಟೋ ಲಿಂಕ್ಡ್‌ಇನ್‌ಗೆ ಹೋಗುತ್ತದೆ. ಸೋಮವಾರ ಎಲ್ಲರೂ ಹಳೇ ಕೆಲಸಕ್ಕೇ ವಾಪಸ್. ಗೆದ್ದ ಐಡಿಯಾ ಎಲ್ಲಿಗೆ ಬಂತು ಅಂತ ಯಾರೂ ಕೇಳುವುದಿಲ್ಲ, ಕೇಳಿದರೆ ಮುಜುಗರ ಬೇರೆ.

ಐಡಿಯಾ ಇಲ್ಲದೆ ಕಂಪನಿಗಳು ಹಿಂದೆ ಬೀಳುತ್ತವೆ ಅನ್ನುವುದನ್ನು ನಾನು ನಂಬುವುದಿಲ್ಲ. ಕ್ಯಾಮೆರಾ ಫಿಲ್ಮ್ ಮಾರುತ್ತಿದ್ದ ಕೊಡಾಕ್ ಕಥೆಯನ್ನೇ ನೋಡಿ. ಡಿಜಿಟಲ್ ಬರುವುದು ಅವರಿಗೆ ಗೊತ್ತಾಗಲೇ ಇಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಗೊತ್ತಾಗದೆ ಏನು, 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದೇ ಅವರ ಇಂಜಿನಿಯರ್ ಸ್ಟೀವ್ ಸ್ಯಾಸನ್! ಸುಮಾರು 3.6 ಕಿಲೋ ತೂಕದ ಡಬ್ಬ, ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯುವುದಕ್ಕೆ 23 ಸೆಕೆಂಡ್. ಪೇಟೆಂಟ್ ಕೂಡ ಪಡೆದರು. ಆದರೆ ಲಾಭ ಬರುತ್ತಿದ್ದದ್ದು ಫಿಲ್ಮ್ ರೋಲಿನಿಂದ, ಅದನ್ನು ತೊಳೆಯುವ ಕೆಮಿಕಲ್‌ನಿಂದ, ಪ್ರಿಂಟ್ ಹಾಕುವ ಕಾಗದದಿಂದ. ಫಿಲ್ಮೇ ಬೇಡದ ಕ್ಯಾಮೆರಾವನ್ನು, ಫಿಲ್ಮ್ ಮಾರಿಯೇ ದೊಡ್ಡ ಕುರ್ಚಿಗೆ ಬಂದವರ ಮುಂದೆ ತಂದಿಟ್ಟರೆ ಅವರು ಏನು ಹೇಳಬೇಕು, ಹೇಳಿ? ಆ ಕುರ್ಚಿಯಲ್ಲಿ ಯಾರಿದ್ದರೂ ಬಹುಶಃ ಬೇಡ ಅಂತಲೇ ಹೇಳುತ್ತಿದ್ದರು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಅದೇ ಫಿಲ್ಮ್ ಮಾರುತ್ತಿದ್ದ ಫ್ಯೂಜಿಫಿಲ್ಮ್ ತನಗೆ ಗೊತ್ತಿದ್ದ ಕೆಮಿಸ್ಟ್ರಿಯನ್ನೇ ಹಿಡಿದುಕೊಂಡು ಎಲ್‌ಸಿಡಿ ಪರದೆಗೆ ಬೇಕಾದ ಫಿಲ್ಮ್, ಔಷಧಿ, ಮುಖಕ್ಕೆ ಹಚ್ಚುವ ಕ್ರೀಮ್ ಅಂತ ದಾರಿ ಬದಲಿಸಿ ಉಳಿಯಿತು.

ಅಮೆರಿಕದ ತ್ರೀಎಂ (3M) ಕಂಪನಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1968ರಲ್ಲಿ ಅಲ್ಲಿನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೋಗಿ, ಅಂಟಿಸಿದರೆ ಸಲೀಸಾಗಿ ಕಿತ್ತು ಬರುವ ಅಂಟು ಮಾಡಿಬಿಟ್ಟರು. ಯಾರಿಗೂ ಬೇಡದ ಮಾಲು. ಆದರೂ ಅವರು ಬಿಡದೆ ಆಫೀಸಿನವರಿಗೆಲ್ಲ ಅದರ ಬಗ್ಗೆ ಹೇಳುತ್ತಲೇ ಇದ್ದರು. ಚರ್ಚಿನ ಹಾಡಿನ ಪುಸ್ತಕದಿಂದ ಪುಟದ ಗುರುತಿಗೆ ಇಟ್ಟ ಚೀಟಿ ಜಾರಿ ಬೀಳುತ್ತಿದೆ ಅಂತ ಬೇಸತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈಗೆ ಆ ಅಂಟು ನೆನಪಾಯಿತು. 1980ರಲ್ಲಿ ಪೋಸ್ಟ್ ಇಟ್, ಅಂದರೆ ಅಂಟಿಸಿ ಕೀಳಬಹುದಾದ ಪುಟ್ಟ ಚೀಟಿ, ಅಮೆರಿಕದ ಎಲ್ಲ ಕಡೆ ಮಾರಾಟಕ್ಕೆ ಬಂತು. ಅಂದರೆ 12 ವರ್ಷ! ಅಲ್ಲಿ ಕೆಲಸದ ಸಮಯದ ಶೇ. 15ರಷ್ಟನ್ನು ಸ್ವಂತ ಐಡಿಯಾಗೆ ಬಳಸಬಹುದು ಅನ್ನುವ ಪದ್ಧತಿ ಇದ್ದದ್ದು ನಿಜ, ಎಲ್ಲರೂ ಅದನ್ನೇ ಎತ್ತಿ ಹೇಳುತ್ತಾರೆ. ನನಗೆ ದೊಡ್ಡದು ಅನ್ನಿಸುವುದು, ಅಷ್ಟು ವರ್ಷ ಈ ಕೆಲಸಕ್ಕೆ ಬಾರದ ಅಂಟನ್ನು ಯಾರೂ ಕಸದ ಬುಟ್ಟಿಗೆ ಹಾಕಿಸಲಿಲ್ಲ ಅನ್ನುವುದು. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಮ್ಯಾನೇಜರ್ ಇದ್ದಿದ್ದರೆ ಅವತ್ತೇ ಕಥೆ ಮುಗಿಯುತ್ತಿತ್ತು, ಅಲ್ವಾ?

ತಮಾಷೆ ಅಂದರೆ ಇದೇ ತ್ರೀಎಂ 2000ದ ದಶಕದ ಶುರುವಿನಲ್ಲಿ ಲ್ಯಾಬ್‌ಗಳಿಗೂ ಸಿಕ್ಸ್ ಸಿಗ್ಮಾ ತಂದಿತು, ಅಂದರೆ ಪ್ರತಿ ಹೆಜ್ಜೆಯನ್ನೂ ಅಳೆದು ತಪ್ಪು ತಗ್ಗಿಸುವ ಪದ್ಧತಿ. ಕಾರ್ಖಾನೆಯಲ್ಲಿ ತಪ್ಪು ಕಡಿಮೆ ಮಾಡುವುದಕ್ಕೆ ಅದು ಒಳ್ಳೆಯದೇ. ಆದರೆ ಏನು ಸಿಗುತ್ತದೆ ಅಂತಲೇ ಗೊತ್ತಿಲ್ಲದ ಹುಡುಕಾಟಕ್ಕೆ ಮೊದಲೇ ಅಳತೆ ಹಾಕುವುದು ಹೇಗೆ? ಮುಂದೆ ಬಂದ ಸಿಇಒ ಜಾರ್ಜ್ ಬಕ್ಲಿ ಲ್ಯಾಬ್‌ಗಳಲ್ಲಿ ಅದನ್ನು ಸಡಿಲ ಮಾಡಿದರು.

ಹಾಗಾಗಿ ಕೆಲಸಕ್ಕೆ ಅಂತ ಇಂಟರ್‌ವ್ಯೂಗೆ ಹೋದಾಗ "ನಿಮ್ಮ ಕಲ್ಚರ್ ಹೇಗಿದೆ" ಅಂತ ಕೇಳಬೇಡಿ, ಗೋಡೆ ಮೇಲಿನ ಪೋಸ್ಟರ್ ಓದಿ ಹೇಳುತ್ತಾರೆ ಅಷ್ಟೇ. ಇತ್ತೀಚೆಗೆ ನಿಲ್ಲಿಸಿದ ಪ್ರಾಜೆಕ್ಟ್ ಯಾವುದು, ಅದರಲ್ಲಿದ್ದವರು ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಿ. ಕೈಗೂಡದ ಐಡಿಯಾವನ್ನು ಅಲ್ಲಿ ಹೇಗೆ ನೋಡುತ್ತಾರೆ ಅನ್ನುವುದು ಆ ಉತ್ತರದಲ್ಲೇ ಗೊತ್ತಾಗುತ್ತದೆ.